ಹಾಡಿದ ಪಠ್ಯ, ಕೇಳಿದ ಪಾಠ: ಕನ್ನಡದ ನಾಲ್ಕು ಧ್ವನಿಸಂಕಲನಗಳನ್ನು ಕುರಿತು

೧

ಮೆಚ್ಚಿನ ಗಾಯನವನ್ನು ಕುರಿತು ಬರೆಯಹೊರಟಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ರಾಗ, ತಾಳ, ಶಾರೀರಗಳ ಗುಣವರ್ಣನೆಯಲ್ಲಿ ತೊಡಗಿ ಸಾಹಿತ್ಯವನ್ನು ಮರೆಯುವುದು ಒಂದು ದಾರಿ. ಕವಿತೆಯ ಅರ್ಥವನ್ನೇ ವಿವರಿಸುತ್ತ ಹೋಗಿ, ಅದು ಹಾಡಾಗಿ ನಮ್ಮನ್ನು ತಲುಪಿತೆಂಬುದನ್ನು ಆಕಸ್ಮಿಕವೆಂಬಂತೆ ಬದಿಗಿಡುವುದು ಇನ್ನೊಂದು. ಸಂಗೀತಜ್ಞರು ಮೊದಲನೆಯದನ್ನೂ ಸಾಹಿತ್ಯ ವಿಭಾಗಗಳವರು ಎರಡನೆಯದನ್ನೂ ರೂಢಿಸಿಕೊಂಡು ಬಂದಿದ್ದಾರೆ. ಇವೆರಡರ ನಡುವೆ, ಹಾಡಿದಾಗ ಪಠ್ಯಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ. ಈ ಲೇಖನ ಆ ಪ್ರಶ್ನೆಯನ್ನು ನಾಲ್ಕು ಧ್ವನಿಸಂಕಲನಗಳ ನೆಲೆಯಲ್ಲಿ ಎತ್ತಿಕೊಳ್ಳುತ್ತದೆ.

ಇಲ್ಲಿ ಆಯ್ದುಕೊಂಡವು ಇವು: ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ಸಂಗೀತ ನೀಡಿದ ‘ನಿತ್ಯೋತ್ಸವ’ (೧೯೭೮), ಭೀಮಸೇನ ಜೋಶಿ ಅವರ ‘ದಾಸವಾಣಿ’, ಸಿ. ಅಶ್ವಥ್ ಅವರ ಕಂಠದಲ್ಲಿ ಪ್ರಸಿದ್ಧವಾದ ಶಿಶುನಾಳ ಶರೀಫರ ಪದಗಳು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ (೨೦೦೮). ಭಾವಗೀತೆ, ದಾಸರಪದ, ತತ್ತ್ವಪದ ಮತ್ತು ಪಾಶ್ಚಾತ್ಯ ವಾದ್ಯಮೇಳದ ಇಂದಿನ ಗಾಯನ ಎಂಬ ನಾಲ್ಕು ಪ್ರಕಾರಗಳು ಇಲ್ಲಿ ಸೇರಿವೆ. ಇವು ನಮಗೆ ಪ್ರಿಯವಾದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೆಚ್ಚುಗೆಯು ವಿಮರ್ಶೆಯಾಗಬೇಕಾದರೆ ಅದಕ್ಕೆ ಕಾರಣಗಳನ್ನು ಕೊಡಬೇಕಾಗುತ್ತದೆ. ಮೆಚ್ಚಿದ್ದರಲ್ಲಿ ಏನು ಕಳೆದುಹೋಗಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ನಮ್ಮ ವಾದವನ್ನು ಮೊದಲೇ ಸ್ಪಷ್ಟಪಡಿಸುವುದು ಉಚಿತ. ಧ್ವನಿಸಂಕಲನವೆಂಬುದು ಹಾಡುಗಳ ಬರಿಯ ಗಂಟಲ್ಲ. ಅದು ಒಂದು ಸಂಪಾದನೆ. ಗ್ರಂಥಸಂಪಾದಕನು ಮಾಡುವ ನಾಲ್ಕು ಕೆಲಸಗಳನ್ನು ಅದೂ ಮಾಡುತ್ತದೆ: ಯಾವುದನ್ನು ಆಯ್ದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವ ಕ್ರಮದಲ್ಲಿ ಇಡಬೇಕು, ಯಾವುದನ್ನು ಒತ್ತಿ ಹೇಳಬೇಕು ಎಂಬುದನ್ನು ನಿರ್ಧರಿಸುತ್ತದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಎಚ್ಚರದಿಂದ ಗುರುತಿಸುವ ಪರಂಪರೆ ನಮ್ಮದು. ಆದರೆ ಕಳೆದ ಅರ್ಧ ಶತಮಾನದಲ್ಲಿ ಅತಿ ಹೆಚ್ಚು ಜನರನ್ನು ಮುಟ್ಟಿದ ಪಾಠ ಕಿವಿಯ ಪಾಠವೇ ಆಗಿದ್ದರೂ ಅದನ್ನು ಪಾಠವೆಂದು ನಾವು ಎಣಿಸಿಯೇ ಇಲ್ಲ.

ಹೊರನಾಡಿನ ಸಂಶೋಧಕರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಮನೆಗಳಲ್ಲಿ ಎರಡನೆಯ ತಲೆಮಾರಿನ ಅನೇಕರು ಕನ್ನಡ ಲಿಪಿಯನ್ನು ಸರಾಗವಾಗಿ ಓದಲಾರರು. ಆದರೂ ಪುರಂದರದಾಸರ, ಶರೀಫರ, ನಿಸಾರರ ಸಾಲುಗಳು ಅವರ ನಾಲಗೆಯ ಮೇಲಿವೆ. ಅವರ ಪಾಲಿಗೆ ಸಾಹಿತ್ಯದ ಆಕರ ಪುಸ್ತಕವಲ್ಲ, ಧ್ವನಿಸುರುಳಿ. ಆಕರದ ಸ್ವರೂಪವನ್ನು ಅರಿಯದೆ ಆ ಓದುಗವರ್ಗದ, ಅಥವಾ ಕೇಳುಗವರ್ಗದ, ಸಾಹಿತ್ಯಪ್ರಜ್ಞೆಯನ್ನು ವಿವರಿಸಲಾಗದು.

೨

ಧ್ವನಿಸುರುಳಿಗೆ ಮೊದಲಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯಬೇಕು. ನಿಮಿಷಕ್ಕೆ ೭೮ ಸುತ್ತು ತಿರುಗುವ ಗ್ರಾಮಾಫೋನ್ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಗಾಯನವಷ್ಟೇ ಹಿಡಿಯುತ್ತಿತ್ತು. ಪಿ. ಕಾಳಿಂಗರಾಯರು (೧೯೧೪-೧೯೮೧) ಆಧುನಿಕ ಕನ್ನಡ ಕವಿತೆಯನ್ನು ಸಭೆಗೂ ತಟ್ಟೆಗೂ ತಂದ ಕಾಲದಲ್ಲಿ ಒಂದು ಮುಖಕ್ಕೆ ಒಂದು ಗೀತೆ ಎಂಬುದೇ ಮಿತಿಯಾಗಿತ್ತು. ಕೇಳುಗನ ನೆನಪಿನಲ್ಲಿ ನಿಂತದ್ದು ಹೆಚ್ಚಾಗಿ ಗಾಯಕನ ಹೆಸರು. ಧ್ವನಿಸುರುಳಿಯ ಎರಡು ಮುಖಗಳಲ್ಲಿ ಒಟ್ಟು ಒಂದು ಗಂಟೆಯ ಅವಕಾಶ ದೊರೆತಾಗ ಒಬ್ಬನೇ ಕವಿಯನ್ನು ಒಂದು ಸಂಕಲನವಾಗಿ ಕೇಳಿಸುವುದು ಸಾಧ್ಯವಾಯಿತು.

ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಗುರುತಿಸಲಾಗುವ ‘ನಿತ್ಯೋತ್ಸವ’ದ ಮಹತ್ವ ಇರುವುದು ಇಲ್ಲಿಯೇ. ಅದು ಕವಿಯ ಹೆಸರಿನಲ್ಲಿ ಬಂದ ಸುರುಳಿ. ೧೯೭೬ರಲ್ಲಿ ಅಚ್ಚಾದ ಕವನಸಂಕಲನದ ಹೆಸರನ್ನೇ ಹೊತ್ತ ಅದು ಪುಸ್ತಕಕ್ಕಿಂತ ಬಹು ದೂರ ನಡೆಯಿತು.

ಶೀರ್ಷಿಕೆಗೀತೆಯ ವ್ಯಾಕರಣವನ್ನು ಗಮನಿಸಿದರೆ ಅದರ ಯಶಸ್ಸಿಗೆ ಒಂದು ಕಾರಣ ಕಾಣುತ್ತದೆ. ಮೊದಲ ಎರಡು ಚರಣಗಳು ಬಹುಮಟ್ಟಿಗೆ ಸಪ್ತಮೀ ವಿಭಕ್ತಿಯ ಪದಗಳ ಸರಪಣಿ. ಮೊದಲನೆಯದರಲ್ಲಿ ಜೋಗ, ತುಂಗೆ, ಸಹ್ಯಾದ್ರಿ, ಕಾಡಿನ ಮರಗಳು ಬರುತ್ತವೆ. ಎರಡನೆಯದರಲ್ಲಿ ಸಿಂಹಾಸನಗಳ ಪರಂಪರೆ, ಶಾಸನಗಳು, ಓಲೆಗರಿಗಳು, ದೇಗುಲದ ಗೋಡೆಗಳು ಬರುತ್ತವೆ. ‘ಎಲ್ಲಿ’ ಎಂಬುದಕ್ಕೆ ಉತ್ತರಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ‘ಏನು’ ಎಂಬುದಕ್ಕೆ ಉತ್ತರ ಪಲ್ಲವಿಯ ಆ ಒಂದು ಪದದಲ್ಲಿ ಮಾತ್ರ ದೊರೆಯುತ್ತದೆ. ಅಪೂರ್ಣ ವಾಕ್ಯವೊಂದು ತಡೆತಡೆದು ಬೆಳೆದು ಪಲ್ಲವಿಯಲ್ಲಿ ಪೂರ್ಣಗೊಳ್ಳುವ ಈ ರಚನೆ ಓದುವಾಗ ಪಟ್ಟಿಯಂತೆ ತೋರಬಹುದು. ಹಾಡುವಾಗ ಅದೇ ನಿರೀಕ್ಷೆಯಾಗುತ್ತದೆ. ಸಾಲುಗಳ ಆರು ಮಾತ್ರೆಯ ಗಣವೂ ಆರು ಮಾತ್ರೆಯ ತಾಳಕ್ಕೆ ಸಹಜವಾಗಿ ಒಗ್ಗುವಂಥದು. ಮೂರನೆಯ ಚರಣದಲ್ಲಿ ಕವಿ ಸಪ್ತಮಿಯನ್ನು ಬಿಟ್ಟು ಸಂಬೋಧನೆಗೆ ತಿರುಗುತ್ತಾರೆ. ಅಲ್ಲಿಯವರೆಗೆ ಸ್ಥಳವಾಗಿದ್ದ ನಾಡು ಅಲ್ಲಿ ಎದುರಿಗೆ ನಿಂತ ವ್ಯಕ್ತಿಯಾಗುತ್ತದೆ. ಕುಲಭೇದವನ್ನು ಎಣಿಸದ ಹಿರಿಮೆಯೆಂದು ಕರೆಸಿಕೊಳ್ಳುತ್ತದೆ. ಕವಿತೆಯ ನಿಜವಾದ ಮಾತು ಇರುವುದು ಈ ತಿರುವಿನಲ್ಲಿ. ಮೊದಲ ಎರಡು ಚರಣಗಳು ನಾಡಿನ ಸಂಪತ್ತನ್ನು ಎಣಿಸಿದರೆ ಮೂರನೆಯದು ಆ ಸಂಪತ್ತಿಗೆ ಒಂದು ನೈತಿಕ ಷರತ್ತನ್ನು ವಿಧಿಸುತ್ತದೆ.

ಅನಂತಸ್ವಾಮಿ ಅವರ (೧೯೩೬-೧೯೯೫) ಸಂಯೋಜನೆ ಕನ್ನಡದ ಉಚ್ಚಾರಕ್ಕೆ ನಿಷ್ಠವಾದದ್ದು. ಒತ್ತಕ್ಷರಗಳು ರಾಗದಲ್ಲಿ ಕರಗದೆ ಉಳಿಯುತ್ತವೆ. ಪದವನ್ನು ಎಲ್ಲಿ ಒಡೆಯಬಾರದೋ ಅಲ್ಲಿ ಒಡೆಯುವುದಿಲ್ಲ. ಸುಗಮ ಸಂಗೀತದ ಮುಂದಿನ ತಲೆಮಾರಿಗೆ ಇದು ಮಾದರಿಯಾಯಿತು. ಆದರೆ ಒಂದೇ ಸ್ವರವಿನ್ಯಾಸವು ಮೂರು ಚರಣಗಳಿಗೂ ಒದಗುವಾಗ ಮೂರನೆಯದರ ವ್ಯಾಕರಣದ ತಿರುವು ಕಿವಿಗೆ ತಿರುವಾಗಿ ಕೇಳಿಸುವುದಿಲ್ಲ. ಸಭೆ ಸಮಾರಂಭಗಳಲ್ಲಿ ಜೋಗ ತುಂಗೆಯರು ಉಳಿದು ಕುಲವೆನ್ನದ ಗರಿಮೆಯು ಹಿಂದೆ ಸರಿಯುವುದನ್ನು ನಾವೆಲ್ಲರೂ ಕೇಳಿ ಬಲ್ಲೆವು.

ಕವಿಯ ಚಿತ್ರಕ್ಕೂ ಇದರಿಂದ ಒಂದು ನಷ್ಟ ಒದಗಿತು. ನಿಸಾರರು (೧೯೩೬-೨೦೨೦) ‘ನಿತ್ಯೋತ್ಸವದ ಕವಿ’ ಎಂದೇ ಖ್ಯಾತರಾದರು. ‘ಕುರಿಗಳು ಸಾರ್ ಕುರಿಗಳು’ ಕವಿತೆಯ ವ್ಯಂಗ್ಯವೂ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಕವಿತೆಯ ತಳಮಳವೂ ಈ ಬಿರುದಿನಲ್ಲಿ ಹಿಡಿಯುವುದಿಲ್ಲ. ಜೊತೆಗಿದ್ದೂ ಬೇರೆಯಾಗಿ ಉಳಿಯುವ ಸಂಕಟ ಹೊರನಾಡಿನ ಕನ್ನಡಿಗರಿಗೆ ಅಪರಿಚಿತವಲ್ಲ. ಆದರೂ ನಮ್ಮ ಸಂಘಗಳ ವೇದಿಕೆಗಳು ಆರಿಸಿಕೊಂಡದ್ದು ಉತ್ಸವವನ್ನು. ಸಂಕಲನವು ಕವಿಯನ್ನು ಪ್ರಸಿದ್ಧಗೊಳಿಸುವಾಗಲೇ ಅವನನ್ನು ಒಂದು ದನಿಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೩

ಗದುಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆನಿಂತ ಭೀಮಸೇನ ಜೋಶಿ ಅವರು (೧೯೨೨-೨೦೧೧) ಮರಾಠಿಯಲ್ಲಿ ಅಭಂಗಗಳನ್ನೂ ಕನ್ನಡದಲ್ಲಿ ದಾಸರಪದಗಳನ್ನೂ ಹಾಡಿ ಎರಡು ಭಾಷೆಗಳ ಕೇಳುಗರಿಗೂ ಮನೆಯವರಾದರು. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಗುರುವಿನ ನೆನಪಿನಲ್ಲಿ ೧೯೫೩ರಲ್ಲಿ ಆರಂಭವಾದ ಉತ್ಸವ ನಡೆಯುವುದು ಪುಣೆಯಲ್ಲಿ. ಪಂಢರಪುರದ ವಿಠ್ಠಲನೇ ತುಕಾರಾಮನ ಅಭಂಗಕ್ಕೂ ಪುರಂದರದಾಸರ ಅಂಕಿತಕ್ಕೂ ಒಡೆಯ. ಆದ್ದರಿಂದ ‘ದಾಸವಾಣಿ’ಯನ್ನು ಹಿಂದುಸ್ತಾನಿ ಗಾಯಕನೊಬ್ಬನು ಬಿಡುವಿನಲ್ಲಿ ಮಾಡಿದ ಲಘುಕಾರ್ಯವೆಂದು ತಿಳಿಯುವುದು ಸರಿಯಲ್ಲ. ಎರಡು ಭಕ್ತಿಪರಂಪರೆಗಳ ಹಳೆಯ ನಂಟೊಂದು ಅಲ್ಲಿ ಮತ್ತೆ ಕೇಳಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಪಾದನಾಕ್ರಿಯೆ ಪುನರುಕ್ತಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ದೇವರನಾಮವು ಬಹುಮಟ್ಟಿಗೆ ಕೊನೆಯ ಭಾಗದ ಕಿರುಪ್ರಸ್ತುತಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪದವನ್ನು ಆ ಪರಂಪರೆಯವರು ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ, ಪಲ್ಲವಿ ಚರಣಗಳ ನಿಶ್ಚಿತ ಅನುಕ್ರಮದಲ್ಲಿ ಹಾಡುತ್ತಾರೆ. ಭೀಮಸೇನರಲ್ಲಿ ಪಲ್ಲವಿಯು ಖಯಾಲಿನ ಮುಖಡಾದ ಕೆಲಸ ಮಾಡುತ್ತದೆ. ಸ್ವರವಿಸ್ತಾರ ಎಷ್ಟೇ ದೂರ ಹೋದರೂ ಆ ನುಡಿಗೆ ಮರಳಿ, ತಾಳದ ಸಮದಲ್ಲಿ ಇಳಿಯುತ್ತದೆ. ಬರೆದ ಪದದಲ್ಲಿ ಒಂದು ಬಾರಿ ಇರುವ ಆಹ್ವಾನ ಹಾಡಿನಲ್ಲಿ ಹತ್ತಾರು ಬಾರಿ ಆಗುತ್ತದೆ. ಆ ಪದವೇ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಬರುವ ದೇವಿಯನ್ನು ಚಿತ್ರಿಸುತ್ತದೆ. ಮಜ್ಜಿಗೆಯಿಂದ ಬೆಣ್ಣೆ ಮೂಡುವ ಹೋಲಿಕೆಯನ್ನು ತರುತ್ತದೆ. ಕಡೆದಷ್ಟೂ ಬೆಣ್ಣೆ ಮೂಡುವ ಆ ಕ್ರಿಯೆಗೂ ಕರೆದಷ್ಟೂ ತುಂಬಿಬರುವ ಪಲ್ಲವಿಗೂ ಒಳಗಿನ ಹೊಂದಾಣಿಕೆಯಿದೆ. ಗಾಯಕನು ಅರ್ಥವನ್ನು ವಿವರಿಸದೆ ಅದರ ಚಲನೆಯನ್ನೇ ಸ್ವರದಲ್ಲಿ ನಡೆಸುತ್ತಾನೆ. ‘ದಾಸವಾಣಿ’ಯ ಶ್ರೇಷ್ಠತೆಯನ್ನು ನಾವು ಕಾಣುವುದು ಈ ಬಗೆಯ ನಿರ್ವಹಣೆಯಲ್ಲಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪಲ್ಲವಿಗೆ ಮರಳುವ ಉತ್ಸಾಹದಲ್ಲಿ ಚರಣಗಳು ಎರಡು ಆವರ್ತನಗಳ ನಡುವಿನ ವಿಶ್ರಾಂತಿಯಾಗಿಬಿಡುತ್ತವೆ. ದಾಸರಪದದಲ್ಲಿ ವಾದವನ್ನು ಬೆಳೆಸುವುದು ಚರಣ. ಡಾಂಭಿಕತೆಯನ್ನು ಕುಟುಕುವ ಪುರಂದರದಾಸ, ಕುಲವನ್ನು ಪ್ರಶ್ನಿಸುವ ಕನಕದಾಸ ಮಾತಾಡುವುದು ಅಲ್ಲಿಯೇ. ಈ ಗಾಯನಶೈಲಿಗೆ ಒದಗುವುದು ಸ್ತುತಿ, ಆಹ್ವಾನ, ಮೊರೆಗಳ ಪದಗಳು. ವಾದದ ಪದಗಳು ಅಲ್ಲ. ಆದ್ದರಿಂದ ಧ್ವನಿಸುರುಳಿಗಳಿಂದಲೇ ದಾಸಸಾಹಿತ್ಯವನ್ನು ಅರಿತವರಿಗೆ ದಾಸರು ಮೊರೆಯಿಡುವವರಾಗಿಯೇ ಕಾಣುತ್ತಾರೆ, ಜಗಳವಾಡುವವರಾಗಿ ಕಾಣುವುದು ಅಪರೂಪ.

ಮಲ್ಲಿಕಾರ್ಜುನ ಮನ್ಸೂರರ (೧೯೧೦-೧೯೯೨) ವಚನಗಾಯನವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ವಚನಕ್ಕೆ ಪಲ್ಲವಿಯೂ ಇಲ್ಲ, ನಿಯತ ಛಂದಸ್ಸೂ ಇಲ್ಲ. ಅಕ್ಕಮಹಾದೇವಿಯ ಕನಸಿನ ವಚನವನ್ನು ಹಾಡುವಾಗ ಗಾಯಕನೇ ಒಂದು ಸಾಲನ್ನು ಪಲ್ಲವಿಯೆಂದು ಆರಿಸಿಕೊಳ್ಳಬೇಕು. ದಾಸರಪದದಲ್ಲಿ ಕವಿಯೇ ಕೊಟ್ಟ ಕೇಂದ್ರ ಇಲ್ಲಿ ಗಾಯಕನ ನಿರ್ಣಯವಾಗುತ್ತದೆ. ವಚನಗಾಯನವು ಪ್ರತಿ ಬಾರಿಯೂ ಒಂದು ವ್ಯಾಖ್ಯಾನವಾಗಿರುವುದು ಈ ಕಾರಣದಿಂದ. ಈ ವಿಷಯ ಪ್ರತ್ಯೇಕ ಅಧ್ಯಯನವನ್ನು ಬೇಡುವಂಥದು.

೪

ಒಂದೇ ಪಠ್ಯವು ಎರಡು ಸಂಕಲನಗಳಲ್ಲಿ ಹೇಗೆ ಎರಡಾಗುತ್ತದೆ ಎಂಬುದಕ್ಕೆ ಶಿಶುನಾಳ ಶರೀಫರ (೧೮೧೯-೧೮೮೯) ‘ಸೋರುತಿಹುದು ಮನಿಯ ಮಾಳಿಗಿ’ ಪದಕ್ಕಿಂತ ಉತ್ತಮ ಉದಾಹರಣೆ ದೊರೆಯದು. ಗೋವಿಂದಭಟ್ಟರ ಶಿಷ್ಯನಾದ ಈ ಕವಿಯ ಪದಗಳು ಧಾರವಾಡ ಸೀಮೆಯ ಭಜನಾಮೇಳಗಳ ಬಾಯಲ್ಲಿ ಉಳಿದು ಬಂದವು. ನಾಡಿನ ಉಳಿದ ಭಾಗಗಳಿಗೆ ಅವು ವ್ಯಾಪಕವಾಗಿ ತಲುಪುವಲ್ಲಿ ಸಿ. ಅಶ್ವಥ್ (೧೯೩೯-೨೦೦೯), ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಗಾಯನ ಮತ್ತು ಟಿ. ಎಸ್. ನಾಗಾಭರಣ ಅವರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ (೧೯೯೦) ಚಿತ್ರ ನಿರ್ಣಾಯಕವಾದವು. ಅಶ್ವಥ್ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದವರು. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಉತ್ತರ ಕರ್ನಾಟಕದ ನುಡಿಯನ್ನು ಹೊರಗೆ ಹರಡಿದ ಈ ಇಬ್ಬರೂ ಆ ನುಡಿಯ ಒಳಗಿನವರಲ್ಲ. ಇಬ್ಬರೂ ‘ಮನಿ’, ‘ಮಾಳಿಗಿ’ ಎಂಬ ರೂಪಗಳನ್ನು ಶಿಷ್ಟಗೊಳಿಸದೆ ಉಳಿಸಿಕೊಂಡರು ಎಂಬುದು ಸಣ್ಣ ಸಂಗತಿಯಲ್ಲ.

ಪದದ ಅರ್ಥವೂ ಪ್ರದೇಶದೊಡನೆ ಬದಲಾಗುತ್ತದೆ. ದಕ್ಷಿಣದ ಕೇಳುಗನಿಗೆ ‘ಮಾಳಿಗೆ’ ಎಂದರೆ ಮಹಡಿ, ಮೇಲಂತಸ್ತು. ಧಾರವಾಡ ಸೀಮೆಯಲ್ಲಿ ಅದು ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರು. ಮಹಡಿ ಸೋರಿದರೆ ಒಂದು ಕೋಣೆ ಕೆಟ್ಟೀತು. ಮಣ್ಣಿನ ಸೂರು ಸೋರಿದರೆ ಮನೆಯೇ ಕುಸಿದೀತು. ಶರೀಫರು ಹುಳುಕು ಹಿಡಿದ ಜಂತಿ, ಸಡಿಲಿದ ಕೀಲು, ಸೂರಿನ ಮೇಲೆ ಬೆಳೆದ ಹುಲ್ಲು, ಮುತ್ತಿದ ಇರುವೆ ಎಂದು ಆ ಸೂರಿನ ಒಂದೊಂದು ಅಂಗವನ್ನೂ ಬಲ್ಲವರಂತೆ ಹೆಸರಿಸುತ್ತಾರೆ. ನೀರಿನ ರಭಸಕ್ಕೆ ಮಣ್ಣು ಕರಗಿ ಒಳಗು ಹೊರಗು ಒಂದಾಗುವ ಚಿತ್ರದಲ್ಲಿ ಪದ ತನ್ನ ತುದಿಯನ್ನು ಮುಟ್ಟುತ್ತದೆ. ಮನೆಯ ಲೆಕ್ಕದಲ್ಲಿ ಅದು ಸರ್ವನಾಶ. ತತ್ತ್ವಪದದ ಪರಿಭಾಷೆಯಲ್ಲಿ ಒಳಗು ಹೊರಗುಗಳ ಭೇದ ಅಳಿಯುವುದು ಸಾಧನೆಯ ಗುರಿಯೂ ಹೌದು. ಕೊನೆಯ ಚರಣದಲ್ಲಿ ಮಾತು ಹೆಂಡತಿಯತ್ತ ತಿರುಗುತ್ತದೆ. ಹುಬ್ಬೆ ಮಳೆ ಬಂದಿತೆಂಬ ಸುದ್ದಿಯೊಡನೆ ಶಿಶುನಾಳಧೀಶನಲ್ಲಿಟ್ಟ ನಂಬಿಕೆಯೂ ಬರುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಸುರಿಯುವ ಈ ಮಳೆ ಬೆಳೆಗೆ ಬೇಕಾದದ್ದು, ಸೋರುವ ಸೂರಿಗೆ ಬೇಡವಾದದ್ದು. ಕರುಣೆಯೂ ಕೇಡೂ ಒಂದೇ ಮಳೆಯಾಗಿ ಸುರಿಯುತ್ತವೆ.

ಅಶ್ವಥ್ ಅವರ ಗಾಯನ ತಾರಸ್ಥಾಯಿಯ ಕೂಗನ್ನು ನೆಚ್ಚಿದ್ದು. ರಂಗಭೂಮಿಯ ಒಡನಾಟದಿಂದ ಬಂದ ಆ ದನಿ ಕೊನೆಯ ಸಾಲಿನಲ್ಲಿ ಕುಳಿತವನನ್ನೂ ಮುಟ್ಟಬೇಕೆಂದು ಹೊರಡುತ್ತದೆ. ಈ ಹಾಡಿಕೆಯಲ್ಲಿ ಪದವು ಎದುರಿಗೊಬ್ಬರನ್ನು ನಿಲ್ಲಿಸಿಕೊಂಡು ಆಡಿದ ಮಾತಾಗುತ್ತದೆ. ಕೊನೆಯಲ್ಲಿ ಹೆಂಡತಿಯನ್ನು ಸಂಬೋಧಿಸುವ ಪದಕ್ಕೆ ಇದು ನ್ಯಾಯವಾದ ರೀತಿ. ಆದರೆ ಭಜನಾಮೇಳದಲ್ಲಿ ಒಬ್ಬನು ಹೇಳಿ ಉಳಿದವರು ಎತ್ತಿಕೊಳ್ಳುವಾಗ ಪದ ಯಾರೊಬ್ಬರದೂ ಆಗಿರುವುದಿಲ್ಲ. ಇಲ್ಲಿ ಅದು ಒಬ್ಬ ಮಹಾಗಾಯಕನ ಉದ್ಗಾರವಾಗುತ್ತದೆ. ಶರೀಫರ ದನಿ ಎಂದರೆ ಅಶ್ವಥ್ ಅವರ ದನಿ ಎಂಬಷ್ಟು ಈ ಸಮೀಕರಣ ಗಟ್ಟಿಯಾಗಿದೆ.

ರಘು ದೀಕ್ಷಿತ್ ಅವರ ಆಲ್ಬಂ ೨೦೦೮ರಲ್ಲಿ ವಿಶಾಲ್-ಶೇಖರ್ ಜೋಡಿಯ ಕೌಂಟರ್ ಕಲ್ಚರ್ ಸಂಸ್ಥೆಯಿಂದ ಮುಂಬಯಿಯಲ್ಲಿ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳು, ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು’, ಅದರಲ್ಲಿ ಸೇರಿವೆ. ಗಿಟಾರ್, ಪಿಟೀಲು, ಡ್ರಮ್ಮುಗಳ ಈ ಮೇಳವನ್ನು ತತ್ತ್ವಪದಕ್ಕೆ ಮಾಡಿದ ಅಪಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಕೇಳಿದಾಗ ದೊರೆಯುವ ಅನುಭವ ಬೇರೆ. ನಮ್ಮ ಕಿವಿಗೆ ಇಲ್ಲಿನ ‘ಸೋರುತಿಹುದು’ ಕತ್ತಲೆಯಲ್ಲಿ ಒಂಟಿಯಾಗಿ ಕುಳಿತವನ ಮಾತಾಗಿ ಕೇಳಿಸುತ್ತದೆ. ಅಶ್ವಥ್ ಅವರಲ್ಲಿ ಮುಂದೆ ಬಂದದ್ದು ಮನೆಯನ್ನು ಉಳಿಸಿಕೊಳ್ಳುವ ಆತುರ. ಇಲ್ಲಿ ಮುಂದೆ ಬಂದದ್ದು ಸೂರನ್ನು ಏರಲಾರದ ಅಸಹಾಯಕತೆ. ಎರಡಕ್ಕೂ ಪಠ್ಯದಲ್ಲಿ ಆಧಾರವಿದೆ. ಒಂದನ್ನು ಸರಿಯೆಂದು ಇನ್ನೊಂದನ್ನು ತಪ್ಪೆಂದು ತೀರ್ಮಾನಿಸಲು ಶರೀಫರ ಪದ ಅವಕಾಶ ಕೊಡುವುದಿಲ್ಲ.

ನಮ್ಮ ಆಕ್ಷೇಪ ವಾದ್ಯಗಳ ಬಗ್ಗೆ ಅಲ್ಲ, ನೆರೆಹೊರೆಯ ಬಗ್ಗೆ. ಮೈಸೂರಿನ ಹೆಣ್ಣನ್ನು ಕುರಿತ ಹಿಂದಿ ಪ್ರೇಮಗೀತೆಯ ಸಂಗಡ ನಿಂತಾಗ ತತ್ತ್ವಪದವು ಕನ್ನಡದ ಒಂದು ಸೊಗಸಾದ ಗುರುತಾಗಿಬಿಡುವ ಅಪಾಯವಿದೆ. ಶರೀಫರ ಇತರ ಪದಗಳ ನೆರೆಯಲ್ಲಿ ‘ಗುಡುಗುಡಿ’ಯನ್ನು ಕೇಳಿದವನಿಗೆ ಅದು ದೇಹದ ರೂಪಕವೆಂಬುದು ತಾನಾಗಿ ಹೊಳೆಯುತ್ತದೆ. ಒಂಟಿಯಾಗಿ ಕೇಳಿದವನಿಗೆ ಅದು ಹುಕ್ಕಾ ಸೇದುವ ಮೋಜಿನ ಹಾಡು. ಆದರೂ ಕನ್ನಡ ತಿಳಿಯದ ಸಾವಿರಾರು ಯುವಕರ ಬಾಯಲ್ಲಿ ಹತ್ತೊಂಬತ್ತನೆಯ ಶತಮಾನದ ಧಾರವಾಡದ ನುಡಿಯನ್ನು ಆಡಿಸಿದ್ದು ಈ ಸಂಕಲನ. ನಮ್ಮ ಪಠ್ಯಪುಸ್ತಕಗಳಿಂದ ಆಗದ ಕೆಲಸ ಅದು.

೫

ಮೇಲಿನ ಪರಿಶೀಲನೆಯಿಂದ ಹೊರಡುವ ನಿಲುವು ಇಷ್ಟು. ಹಾಡು ಕವಿತೆಯನ್ನು ಕೆಡಿಸುತ್ತದೆ ಎಂಬ ಪಂಡಿತರ ದೂರೂ, ಹಾಡು ಕವಿತೆಯನ್ನು ಬದುಕಿಸುತ್ತದೆ ಎಂಬ ಗಾಯಕರ ಹೆಮ್ಮೆಯೂ ಅರ್ಧಸತ್ಯಗಳು. ಪ್ರತಿ ಸಂಕಲನವೂ ಒಂದನ್ನು ಕೇಳಿಸಲು ಇನ್ನೊಂದನ್ನು ಮರೆಗೆ ಸರಿಸುತ್ತದೆ. ‘ನಿತ್ಯೋತ್ಸವ’ದಲ್ಲಿ ಮರೆಯಾದದ್ದು ವ್ಯಂಗ್ಯ, ‘ದಾಸವಾಣಿ’ಯಲ್ಲಿ ವಾದ, ಅಶ್ವಥ್ ಅವರಲ್ಲಿ ಮೇಳ, ರಘು ದೀಕ್ಷಿತ್ ಅವರಲ್ಲಿ ಪರಂಪರೆಯ ನೆರೆ. ಈ ಮರೆಯನ್ನು ಗುರುತಿಸಿ ಹೇಳುವುದು ವಿಮರ್ಶೆಯ ಹೊಣೆ.

ಇಂದು ಈ ಹೊಣೆಗೆ ಅವಸರವೂ ಸೇರಿದೆ. ಧ್ವನಿಸುರುಳಿಗಳ ಕಾಲ ಮುಗಿದಿದೆ. ಉಳಿದ ಸುರುಳಿಗಳ ಕಾಂತಲೇಪ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ಅಂತರ್ಜಾಲದಲ್ಲಿ ಹಾಡುಗಳೇನೋ ಹೇರಳವಾಗಿ ದೊರೆಯುತ್ತವೆ, ಆದರೆ ಬಿಡಿಬಿಡಿಯಾಗಿ. ಯಾವ ಸಂಕಲನದ ಯಾವ ಮುಖದಲ್ಲಿ ಯಾವ ಹಾಡಿನ ಮುಂದೆ ಬಂದದ್ದು ಎಂಬುದು ತಿಳಿಯುವುದಿಲ್ಲ. ಅನೇಕ ವೇಳೆ ಕವಿಯ ಹೆಸರೂ ಇರುವುದಿಲ್ಲ. ಹೊದಿಕೆಯ ಕಾಗದದ ಮೇಲೆ ಅಚ್ಚಾಗಿದ್ದ ಮಾಹಿತಿಯೇ ಈ ವಾಙ್ಮಯದ ಕೃತಿಸೂಚಿಯಾಗಿತ್ತು. ಅದು ಸುರುಳಿಯೊಡನೆ ಕಸಕ್ಕೆ ಸೇರುತ್ತಿದೆ.

ಹೊರನಾಡಿನ ಕನ್ನಡ ವಿಭಾಗಗಳು ಮತ್ತು ಪೀಠಗಳು ಈ ಕೆಲಸಕ್ಕೆ ಅನುಕೂಲವಾದ ಸ್ಥಾನದಲ್ಲಿವೆ. ದೂರದ ಊರುಗಳಿಗೆ ಬಂದ ಕುಟುಂಬಗಳು ಸುರುಳಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವುದು ಹೆಚ್ಚು, ಏಕೆಂದರೆ ಬೇಕೆಂದಾಗ ಇನ್ನೊಂದು ದೊರೆಯುತ್ತಿರಲಿಲ್ಲ. ಆಯಾ ನಗರದ ಮನೆಗಳಲ್ಲಿ, ಸಂಘಗಳಲ್ಲಿ ಉಳಿದಿರುವ ಕನ್ನಡ ಧ್ವನಿಸಂಕಲನಗಳ ಪಟ್ಟಿಯನ್ನು ಹೊದಿಕೆಯ ಮಾಹಿತಿ ಸಹಿತ ಸಿದ್ಧಪಡಿಸುವುದು ಮೊದಲ ಹೆಜ್ಜೆ. ಹಾಡಿದ ಪಾಠವನ್ನು ಅಚ್ಚಿನ ಪಾಠದೊಡನೆ ಸಾಲುಸಾಲಾಗಿ ಹೋಲಿಸಿ, ಬಿಟ್ಟ ಚರಣ, ಬದಲಾದ ಪದ, ಮರುಕಳಿಸಿದ ನುಡಿ, ಉಳಿದ ಅಥವಾ ಅಳಿದ ಅಂಕಿತಗಳನ್ನು ಗುರುತಿಸುವುದು ಎರಡನೆಯದು. ಪಿಎಚ್.ಡಿ. ಅಧ್ಯಯನಗಳಿಗೆ ವಿಷಯವಿಲ್ಲವೆಂದು ಕೊರಗುವ ನಮ್ಮ ವಿಭಾಗಗಳಲ್ಲಿ ಈ ಕ್ಷೇತ್ರವನ್ನು ಮುಟ್ಟಿದವರು ವಿರಳ. ಸುರುಳಿಗಳು ಇನ್ನೂ ಕೇಳುವಂತಿರುವಾಗಲೇ, ಅವುಗಳನ್ನು ತಂದಿಟ್ಟುಕೊಂಡ ಹಿರಿಯರು ನಮ್ಮ ನಡುವೆ ಇರುವಾಗಲೇ, ಈ ಕಾರ್ಯ ಆರಂಭವಾಗಬೇಕಾಗಿದೆ.